85 ಸಾವಿರ ಬಂದರೂ 22ನೇ ತಾರೀಕಿಗೆ ಖಾಲಿ, ಲೆಕ್ಕ ಎಲ್ಲಿ ತಪ್ಪುತ್ತಿದೆ?

ಕತ್ರಿಗುಪ್ಪೆ_ಮನೆ

ಎಲ್ಲರಿಗೂ ನಮಸ್ಕಾರ. ಮನೆ ಲೆಕ್ಕ ಬರೆದಿಡುತ್ತೇವೆ, ಆದರೂ ಕೂಡಿಬರುತ್ತಿಲ್ಲ. ತಿಳಿದವರು ನೋಡಿ ಹೇಳಿ.

ಯಜಮಾನರದು 54,000, ನನ್ನದು 31,000, ಒಟ್ಟು ಕೈಗೆ ಬರುವುದು 85,000. ಮನೆಯಲ್ಲಿ ಐದು ಜನ: ನಾವಿಬ್ಬರು, ಅತ್ತೆ, 5ನೇ ಕ್ಲಾಸು ಮತ್ತು 1ನೇ ಕ್ಲಾಸಿನ ಮಕ್ಕಳು.

ತಿಂಗಳ ಖರ್ಚು: ಬಾಡಿಗೆ 22,000, ಮೇಂಟೆನೆನ್ಸ್ ಮತ್ತು ನೀರು 1,500, ಸ್ಕೂಟರ್ ಕಂತು 3,600 (ಮೇಗೆ ಮುಗಿಯುತ್ತೆ), ರೇಷನ್ 9,000, ಹಾಲು 2,800, ತರಕಾರಿ-ಹಣ್ಣು 5,000, ಗ್ಯಾಸ್ 900, ಕರೆಂಟ್ ಸರಾಸರಿ 800 (ಒಂದು ತಿಂಗಳು ಏನೂ ಬರಲ್ಲ, ಇನ್ನೊಂದು ತಿಂಗಳು 1,600 ದಾಟುತ್ತೆ), ಮೊಬೈಲ್-ಇಂಟರ್ನೆಟ್ 1,800, ಸ್ಕೂಲ್ ವ್ಯಾನ್ 4,000, ಎರಡು ಸ್ಕೂಟರಿಗೆ ಪೆಟ್ರೋಲ್ 4,000, ಔಷಧಿ 2,000, ಊರಿಗೆ ಕಳಿಸೋದು 5,000, ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಹಾಕೋದು) 5,000. ಒಟ್ಟು 67,400.

ಅಂದರೆ 17,600 ಉಳಿಯಬೇಕು. 22ನೇ ತಾರೀಕಿಗೆ ಅಕೌಂಟಿನಲ್ಲಿ ಸಾವಿರವೂ ಇರಲ್ಲ. ಕಳೆದ ಜೂನ್‌ನಲ್ಲಿ ಸ್ಕೂಲ್ ಫೀಸಿಗೆ ಉಜ್ಜಿದ ಕ್ರೆಡಿಟ್ ಕಾರ್ಡಿನಲ್ಲಿ 48,000 ಹಾಗೇ ನಿಂತಿದೆ, ಮಿನಿಮಮ್ ಕಟ್ಟುತ್ತಿದ್ದೇವೆ. ಜುಲೈಗೆ ಬಾಡಿಗೆ ಅಗ್ರಿಮೆಂಟ್ ಹೊಸದಾಗಬೇಕು. ಎಲ್ಲಿಂದ ಶುರು ಮಾಡೋದು?

ಜಮಾಖರ್ಚು

ಮೇಡಂ, ನೀವು ಕೊಟ್ಟಿರುವುದು ತಿಂಗಳ ಪಟ್ಟಿ ಮಾತ್ರ. ಬೆಂಗಳೂರಿನ ಸಂಬಳದ ಮನೆಗಳನ್ನು ಮುರಿಯುವುದು ಹೆಚ್ಚಾಗಿ ವರ್ಷಕ್ಕೊಮ್ಮೆ ಬರುವ ಖರ್ಚು. ಫೀಸು, ಪುಸ್ತಕ, ಇನ್ಶೂರೆನ್ಸ್, ಹಬ್ಬ, ಮುಯ್ಯಿ, ಗಾಡಿ ಸರ್ವೀಸ್, ಇವೆಲ್ಲ ಯಾವ ತಿಂಗಳು ಎಷ್ಟು ಬೀಳುತ್ತವೆ? ಹೋದ ಜನವರಿಯಿಂದ ಡಿಸೆಂಬರ್‌ವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ, 2,000ಕ್ಕಿಂತ ದೊಡ್ಡ ಮೊತ್ತಗಳನ್ನಷ್ಟೇ ನೋಡಿ ಬರೆಯಿರಿ. ಅಂದಾಜಿನಲ್ಲಿ ಬರೆದರೆ ಹಬ್ಬದ ಖರ್ಚು ಅರ್ಧಕ್ಕೆ ಇಳಿದುಬಿಡುತ್ತದೆ.

ಕತ್ರಿಗುಪ್ಪೆ_ಮನೆ

ತೆಗೆದು ನೋಡಿದೆ ಸರ್. ಫೀಸು ಇಬ್ಬರದೂ 1,10,000 (ಜೂನ್), ಪುಸ್ತಕ-ಯೂನಿಫಾರ್ಮ್-ಶೂ 18,000 (ಅದೂ ಜೂನ್), ಹೆಲ್ತ್ ಇನ್ಶೂರೆನ್ಸ್ 28,000 (ಏಪ್ರಿಲ್), ಟರ್ಮ್ ಪಾಲಿಸಿ ಅಂದರೆ ಜೀವ ವಿಮೆ 14,000 (ಸೆಪ್ಟೆಂಬರ್), ಹಬ್ಬಗಳಿಗೆ 30,000: ಯುಗಾದಿ 5,000, ವರಮಹಾಲಕ್ಷ್ಮಿ 8,000, ಗೌರಿ-ಗಣೇಶ 7,000, ದಸರಾ ಮತ್ತು ದೀಪಾವಳಿ ಬಟ್ಟೆ 10,000. ಊರಿನ ಜಾತ್ರೆ, ಮದುವೆ ಮುಯ್ಯಿ 20,000, ಗಾಡಿಗಳ ಇನ್ಶೂರೆನ್ಸ್-ಸರ್ವೀಸ್ 9,000, ಮಿಕ್ಸಿ, ಫ್ರಿಜ್ ರಿಪೇರಿ ಅಂತ 11,000. ಈ ಕೊನೆಯ ಮೂರು ಹೆಚ್ಚುಕಡಿಮೆ ನವೆಂಬರ್-ಡಿಸೆಂಬರ್‌ನಲ್ಲಿ.

ಜಮಾಖರ್ಚು

ಕೂಡಿದರೆ 2,40,000. ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 20,000. ನಿಮ್ಮಲ್ಲಿ ಉಳಿಯಬೇಕಾದ 17,600ಕ್ಕಿಂತ ಇದೇ ದೊಡ್ಡದು. ಅಂದರೆ ಯಾರೂ ದುಂದು ಮಾಡದಿದ್ದರೂ ಈ ಬಜೆಟ್ ಕೂಡಿಬರುವುದಿಲ್ಲ.

ಈಗ ಜನವರಿಯಿಂದ 20,000ದಂತೆ ಬೇರೆ ಇಡುತ್ತೀರಿ ಎಂದುಕೊಳ್ಳಿ. ಮೇ ಕೊನೆಗೆ 1,00,000 ಆಗಬೇಕು. ಯುಗಾದಿ 5,000, ಹೆಲ್ತ್ ಇನ್ಶೂರೆನ್ಸ್ 28,000 ಹೋದರೆ 67,000. ಜೂನ್‌ನ 20,000 ಸೇರಿ 87,000. ಜೂನ್‌ನಲ್ಲಿ ಬೇಕಾಗಿರುವುದು 1,28,000. ಕೊರತೆ 41,000. ನಿಮ್ಮ ಕಾರ್ಡಿನ 48,000 ಹುಟ್ಟಿದ್ದು ಇಲ್ಲೇ, ಮತ್ತು ಬರುವ ಜೂನ್‌ನಲ್ಲೂ ಇಲ್ಲೇ ಹುಟ್ಟುತ್ತದೆ. ವಾರ್ಷಿಕ ಖರ್ಚನ್ನು 12ರಿಂದ ಭಾಗಿಸಿ ಎಂದು ಎಲ್ಲರೂ ಹೇಳುತ್ತಾರೆ. ಮೊದಲ ವರ್ಷ ಅದು ಸಾಲುವುದಿಲ್ಲ, ಏಕೆಂದರೆ ದೊಡ್ಡ ಖರ್ಚು ಡಿಸೆಂಬರ್‌ವರೆಗೆ ಕಾಯುವುದಿಲ್ಲ.

ಮಾಡಬೇಕಾದ್ದು ಒಂದೇ: ಫೆಬ್ರವರಿ-ಮಾರ್ಚ್‌ನಲ್ಲೇ ಸ್ಕೂಲ್ ಆಫೀಸಿಗೆ ಹೋಗಿ ಎರಡು ಕಂತು ಕೇಳಿ, ಜೂನ್ 55,000, ಅಕ್ಟೋಬರ್ 55,000. ಹೇಳಿದ್ದನ್ನು ಬರವಣಿಗೆಯಲ್ಲಿ ಪಡೆಯಿರಿ. ಮೇ ಕೊನೆಯ ವಾರ ಹೋದರೆ ಕೌಂಟರಿನಲ್ಲಿ ಕೂತವರಿಗೆ ಅಧಿಕಾರವೂ ಇರುವುದಿಲ್ಲ, ಪುರುಸೊತ್ತೂ ಇರುವುದಿಲ್ಲ. ಹೀಗಾದರೆ ಜೂನ್‌ನಲ್ಲಿ 73,000 ಸಾಕು, 14,000 ಉಳಿಯುತ್ತದೆ. ಜುಲೈಗೆ 34,000. ಆಗಸ್ಟ್‌ನಲ್ಲಿ ವರಮಹಾಲಕ್ಷ್ಮಿ ಕಳೆದು 46,000. ಸೆಪ್ಟೆಂಬರ್‌ನಲ್ಲಿ ಗಣೇಶ, ಟರ್ಮ್ ಪಾಲಿಸಿ ಕಳೆದು 45,000. ಅಕ್ಟೋಬರ್‌ನಲ್ಲಿ ಎರಡನೇ ಕಂತು, ಹಬ್ಬ ಸೇರಿ 65,000 ಹೋದರೆ ಸರಿಯಾಗಿ ಸೊನ್ನೆ. ಡಿಸೆಂಬರ್ ಕೊನೆಗೂ ಸೊನ್ನೆ.

ಪುಸ್ತಕದ ಹಿಂದಿನ ಹಾಳೆಯಲ್ಲಿ ಹನ್ನೆರಡು ಸಾಲು ಎಳೆದು, ಪ್ರತಿ ತಿಂಗಳ ಎದುರು ಜಮಾ, ಖರ್ಚು, ಉಳಿಕೆ ಬರೆಯಿರಿ. ಉಳಿಕೆ ಅತಿ ಕಡಿಮೆ ಇರುವ ತಿಂಗಳನ್ನು ಕೆಂಪು ಪೆನ್ನಿನಲ್ಲಿ ಸುತ್ತಿ. ನಿಮ್ಮದರಲ್ಲಿ ಅದು ಅಕ್ಟೋಬರ್. ಆ ತಿಂಗಳು ಕನಿಷ್ಠ 10,000 ಉಳಿಯುವ ಹಾಗೆ ಹಬ್ಬ-ಜಾತ್ರೆಯ ಅಂಕಿಯನ್ನು ಈಗಲೇ ತಿದ್ದಿಕೊಳ್ಳಿ.

ಬಡ್ಡಿಲೆಕ್ಕ

ಜಮಾಖರ್ಚು ಅವರ ಲೆಕ್ಕ ಸರಿ, ಆದರೆ ಎರಡು ಸಾಲು ಬಿಟ್ಟುಹೋಗಿವೆ. ಕಾರ್ಡಿಗೆ ಕಟ್ಟುವ ಮಿನಿಮಮ್ ಪಟ್ಟಿಯಲ್ಲೇ ಇಲ್ಲ. ಶೇ 5 ಎಂದರೂ 2,400. ಕಾಫಿ, ಆಟೋ, ಹೂವು, ಮಕ್ಕಳ ತಿಂಡಿ, ಭಾನುವಾರದ ಹೋಟೆಲ್ ಇವೂ ಇಲ್ಲ. ಐದು ಜನರ ಮನೆಗೆ ಅದು ತಿಂಗಳಿಗೆ 6,000ಕ್ಕೆ ಕಡಿಮೆ ಆಗುವುದು ಕಷ್ಟ.

ಮೊದಲು ಕಾರ್ಡು. ತಿಂಗಳಿಗೆ ಶೇ 3.5 ಬಡ್ಡಿ ಎಂದರೆ 48,000ಕ್ಕೆ 1,680. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಸುಮಾರು 300. ನೀವು ಕಟ್ಟುವ 2,400ರಲ್ಲಿ ಅಸಲಿಗೆ ಹೋಗುವುದು 400ರ ಆಸುಪಾಸು. ಬಾಕಿ ಇರುವಾಗ ಅದೇ ಕಾರ್ಡಿನಲ್ಲಿ ಹೊಸದಾಗಿ ಏನು ಕೊಂಡರೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಇವತ್ತೇ ಕಾರ್ಡನ್ನು ಶಾಪಿಂಗ್ ಆ್ಯಪ್‌ಗಳಿಂದ ತೆಗೆದುಹಾಕಿ.

ತೀರಿಸಲು ಮೂರು ದಾರಿ. ಎಸ್‌ಐಪಿಯಲ್ಲಿ ಸೇರಿರುವ ಹಣ ಇದ್ದರೆ ಅದನ್ನೇ ತೆಗೆದು ಕಟ್ಟಿ. ಅಷ್ಟಿಲ್ಲದಿದ್ದರೆ ಬ್ಯಾಂಕಿನಲ್ಲಿ ಚಿನ್ನದ ಸಾಲ. ವರ್ಷಕ್ಕೆ ಶೇ 9-10 ಬಡ್ಡಿಯಲ್ಲಿ ಸಿಕ್ಕರೆ ಮೊದಲ ತಿಂಗಳ ಬಡ್ಡಿ 400 ಅಷ್ಟೆ. ಮೂರನೆಯದು ಕಾರ್ಡ್ ಬ್ಯಾಂಕಿನವರೇ ಬಾಕಿಯನ್ನು ಕಂತಿಗೆ ಬದಲಿಸಿಕೊಡುವುದು. ಅಲ್ಲಿ ಬಡ್ಡಿಯ ಜೊತೆ ಪ್ರೊಸೆಸಿಂಗ್ ಶುಲ್ಕ, ಎರಡಕ್ಕೂ ಜಿಎಸ್‌ಟಿ ಇರುತ್ತದೆ, ಕೇಳಿಕೊಂಡೇ ಒಪ್ಪಿ. ಚಿನ್ನದ ಸಾಲದಲ್ಲಿ ಎಡವುವುದು ಎಲ್ಲಿ ಎಂದರೆ, ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಬಗೆಯದನ್ನು ತೆಗೆದುಕೊಂಡು ಮರೆತುಬಿಡುವುದು. ಆ ಬಗೆಯದೇ ಆದರೂ ತಿಂಗಳಿಗೆ 4,200 ಭಾಗಶಃ ಕಟ್ಟುತ್ತ ಹೋಗಿ, ಹನ್ನೆರಡು ತಿಂಗಳಿಗೆ ಒಡವೆ ಮನೆಗೆ ಬರುತ್ತದೆ.

ಈಗ ಒಟ್ಟು: 67,400 + ಸಾಲಕ್ಕೆ 4,200 + ಕೈಖರ್ಚು 6,000 + ವಾರ್ಷಿಕ 20,000 = 97,600. ಬರುವುದು 85,000. ಕೊರತೆ 12,600.

ಎಸ್‌ಐಪಿ ಒಂದು ವರ್ಷ ನಿಲ್ಲಿಸಿದರೆ 5,000. ಪೆಟ್ರೋಲಿನಲ್ಲಿ 1,800: ನಿಮ್ಮ ಆಫೀಸು ಬಸ್ ದಾರಿಯಲ್ಲಿದ್ದರೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸು ನಿಮಗೆ ಉಚಿತ, ಆಧಾರ್ ಕೈಯಲ್ಲಿರಲಿ. ಅಡುಗೆಮನೆಯಲ್ಲಿ 2,000. ಕೈಖರ್ಚು 6,000ದಿಂದ 4,800ಕ್ಕೆ. ಇಷ್ಟಾದ ಮೇಲೂ 2,600 ಕಡಿಮೆ ಬೀಳುತ್ತದೆ. ಮೇಗೆ ಸ್ಕೂಟರ್ ಕಂತಿನ 3,600 ಬಿಡುಗಡೆಯಾಗುತ್ತದೆ, ಜುಲೈಗೆ ಬಾಡಿಗೆ ಶೇ 5 ಏರಿದರೆ 1,100 ಅದರಲ್ಲೇ ಹೋಗುತ್ತದೆ, ಮಿಕ್ಕ 2,500 ಈ ತೂತನ್ನು ಹೆಚ್ಚುಕಡಿಮೆ ಮುಚ್ಚುತ್ತದೆ. ಜನವರಿಯಿಂದ ಮೇವರೆಗಿನ 13,000 ಮಾತ್ರ ಹಬ್ಬ-ಊರಿನ 50,000ದಲ್ಲೇ ಕತ್ತರಿಸಬೇಕು. ಆ ಐದು ತಿಂಗಳು ವಾರ್ಷಿಕ ಖಾತೆಗೆ 17,400 ಹಾಕಿದರೂ, ಎರಡು ಕಂತಿನ ಫೀಸಿನಲ್ಲಿ ಜೂನ್ ದಾಟಬಹುದು. ಕೈಯಲ್ಲಿ ಉಳಿಯುವುದು 1,000 ಅಷ್ಟೆ, ಆದರೆ ಕಾರ್ಡ್ ಮುಟ್ಟುವಂತಿಲ್ಲ.

ಲಾಂಗ್‌ಟರ್ಮ್_ಸ್ವಾಮಿ

ಎಸ್‌ಐಪಿ ನಿಲ್ಲಿಸಿ ಅನ್ನೋದು ಒಪ್ಪಲ್ಲ ಗುರು. ಒಂದು ಸಲ ನಿಂತದ್ದು ಮತ್ತೆ ಶುರುವಾಗಲ್ಲ. ಅರ್ಧಕ್ಕೆ ಇಳಿಸಿ, 2,500 ನಡೀಲಿ.

ಬಡ್ಡಿಲೆಕ್ಕ

ಸ್ವಾಮಿಯವರೇ, ವರ್ಷಕ್ಕೆ ಶೇ 42ರ ಸಾಲ ತಲೆ ಮೇಲಿಟ್ಟುಕೊಂಡು ಶೇ 12 ಬರಬಹುದು ಎಂದು ಹೂಡುವುದು ತೂತು ಬಿದ್ದ ಕೊಡಕ್ಕೆ ನೀರು ಸೇದಿದ ಹಾಗೆ. ಚಿನ್ನದ ಸಾಲಕ್ಕೆ ಬದಲಿಸಿಕೊಂಡ ಮೇಲೆ ನಿಮ್ಮ ಮಾತಿಗೆ ಸ್ವಲ್ಪ ಜಾಗವಿದೆ, ಆದರೆ ಆಗ 2,500 ಎಲ್ಲಿಂದ ತರಬೇಕು ಎಂದೂ ಹೇಳಬೇಕಾಗುತ್ತದೆ. ಮೇಡಂ, ರದ್ದು ಮಾಡಬೇಡಿ. ಆ್ಯಪ್‌ನಲ್ಲಿ ಪಾಸ್ (ಕೆಲವು ತಿಂಗಳು ತಡೆಹಿಡಿಯುವ) ಆಯ್ಕೆ ಇದ್ದರೆ ಅದನ್ನೇ ಒತ್ತಿ. ಎಷ್ಟು ತಿಂಗಳು ಸಿಗುತ್ತದೆ ಎಂಬುದು ಫಂಡ್ ಮೇಲೆ ನಿಂತಿರುತ್ತದೆ.

ಇನ್ನೊಂದು, ಜನವರಿ-ಮಾರ್ಚ್‌ನಲ್ಲಿ ‘ಟ್ಯಾಕ್ಸ್ ಉಳಿಸಿ’ ಎಂದು ಪಾಲಿಸಿ ಮಾರುವವರು ಬರುತ್ತಾರೆ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ, ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಬೇರೆ. ನಿಮ್ಮಿಬ್ಬರ ಸಂಬಳಕ್ಕೆ ಉಳಿಸಲು ತೆರಿಗೆಯೇ ಇಲ್ಲ. ಇರುವ ಟರ್ಮ್ ಪಾಲಿಸಿ ಸಾಕು.

ಮೂರು_ಪಾಸ್‌ಬುಕ್

ಖಾತೆಗಳ ಬಗ್ಗೆ ಯಾರೂ ಹೇಳಿಲ್ಲ. ಎಲ್ಲ ದುಡ್ಡೂ ಒಂದೇ ಖಾತೆಯಲ್ಲಿದ್ದರೆ, ಜೂನ್ ಫೀಸಿನ ದುಡ್ಡು ಫೆಬ್ರವರಿಯಲ್ಲಿ ‘ಉಳಿತಾಯ’ದ ಹಾಗೆ ಕಾಣುತ್ತದೆ. ಕಂಡ ದುಡ್ಡು ಖರ್ಚಾಗುತ್ತದೆ.

ಯಜಮಾನರ ಸಂಬಳದ ಖಾತೆಯಿಂದ ಬಾಡಿಗೆ, ಕಂತು, ವ್ಯಾನ್, ಊರಿನ ಹಣ ಮಾತ್ರ ಹೋಗಲಿ. ಮನೆ ಖರ್ಚಿಗೆ ನಿಮ್ಮ ಖಾತೆ, ಯುಪಿಐ ಇದಕ್ಕೆ ಮಾತ್ರ ಜೋಡಿಸಿ. ವಾರ್ಷಿಕ ಖರ್ಚಿಗೆ ಮೂರನೆಯದು, ಬೇರೆ ಬ್ಯಾಂಕಿನಲ್ಲಿ, ಯುಪಿಐ ಇಲ್ಲದೆ, ಎಟಿಎಂ ಕಾರ್ಡ್ ಬೀರುವಿನಲ್ಲಿ. ಮಿನಿಮಮ್ ಬ್ಯಾಲೆನ್ಸ್ ದಂಡದ ಭಯವಿದ್ದರೆ ಅಂಚೆ ಕಚೇರಿ ಉಳಿತಾಯ ಖಾತೆ ಆಗುತ್ತದೆ, 500 ಇದ್ದರೆ ಸಾಕು. ಬ್ಯಾಂಕಿನ ಬೇಸಿಕ್ ಖಾತೆಯೂ ಆಗುತ್ತದೆ, ಆದರೆ ಅದೇ ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಇನ್ನೊಂದು ಉಳಿತಾಯ ಖಾತೆ ಇರಬಾರದು.

ಸಂಬಳ ಬಂದ ಮರುದಿನವೇ ಮೂರನೆಯದಕ್ಕೆ ಹೋಗುವಂತೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿ. ಸಂಬಳ 7ಕ್ಕೆ ಬರುವುದಾಗಿದ್ದು ಕಂತಿನ ತಾರೀಕು 5 ಆಗಿದ್ದರೆ ಮೊದಲು ಅದನ್ನು ಬದಲಿಸಿ. ಒಂದು ಸಲ ಬೌನ್ಸ್ ಆದರೆ ನಿಮ್ಮ ಬ್ಯಾಂಕಿನದೊಂದು ದಂಡ, ಸಾಲ ಕೊಟ್ಟವರದೊಂದು ದಂಡ, ಮೇಲೆ ಜಿಎಸ್‌ಟಿ.

ಕೈಖರ್ಚಿಗೆ ಯುಪಿಐ ಲೈಟ್, ಅಂದರೆ ಯುಪಿಐ ಆ್ಯಪ್‌ನಲ್ಲೇ ಮೊದಲೇ ದುಡ್ಡು ತುಂಬಿಡುವ ಚಿಕ್ಕ ಪರ್ಸು. ಸೋಮವಾರ 1,100 ತುಂಬಿ, ದರ್ಶಿನಿ, ಎಳನೀರು, ಆಟೋ, ಹೂವು ಎಲ್ಲ ಅದರಿಂದಲೇ. ಒಂದು ಪಾವತಿಗೆ 1,000, ಒಟ್ಟು ಬ್ಯಾಲೆನ್ಸಿಗೆ 5,000 ಮಿತಿ. ಪಾಸ್‌ಬುಕ್ಕಿನಲ್ಲಿ ತುಂಬಿದ ಒಂದು ಸಾಲು ಮಾತ್ರ ಬರುತ್ತದೆ, ಹತ್ತು-ಇಪ್ಪತ್ತು ರೂಪಾಯಿಯ ನೂರು ಸಾಲುಗಳ ನಡುವೆ ದೊಡ್ಡ ಖರ್ಚು ಮುಚ್ಚಿಹೋಗುವುದಿಲ್ಲ. ಪಿನ್ ಕೇಳುವುದಿಲ್ಲವಾದ್ದರಿಂದ ಕೈ ಸಡಿಲವಾಗುತ್ತದೆ, ಆದ್ದರಿಂದ ತಾನಾಗೇ ತುಂಬಿಕೊಳ್ಳುವ ಆಯ್ಕೆಯನ್ನು ಆಫ್ ಮಾಡಿ. ಗುರುವಾರ ಖಾಲಿಯಾದರೆ ಭಾನುವಾರದವರೆಗೆ ಮನೆ ಕಾಫಿ. ಅದೇ ಆ್ಯಪ್‌ನಲ್ಲಿ ಆಟೋಪೇ ಪಟ್ಟಿಯನ್ನೂ ಒಮ್ಮೆ ತೆರೆದು ನೋಡಿ, ಯಾರೂ ನೋಡದ ಒಂದಾದರೂ ಒಟಿಟಿ ಇರುತ್ತದೆ.

ಅಡುಗೆಮನೆ_ಅಂಕಿ

ಮೇಡಂ, ಹಾಲಿಗೆ ಕೈ ಹಾಕಬೇಡಿ. ನಂದಿನಿ ನೀಲಿ ಪ್ಯಾಕೆಟ್ 2025ರ ಏಪ್ರಿಲ್‌ನಲ್ಲಿ 4 ರೂಪಾಯಿ ಏರಿ ಲೀಟರಿಗೆ 46 ಆಯಿತು. ದಿನಕ್ಕೆ ಎರಡು ಲೀಟರಿಗೆ ತಿಂಗಳಿಗೆ 2,760, ನಿಮ್ಮ 2,800 ಸರಿಯಾಗೇ ಇದೆ. ಅದರಲ್ಲೇ ಹೆಪ್ಪು ಹಾಕಿ, ಅಂಗಡಿ ಮೊಸರು ಬೇಡ.

9,000 ರೇಷನ್ ಐದು ಜನಕ್ಕೆ ಜಾಸ್ತಿಯೇ. ಸೋನಾ ಮಸೂರಿ 15 ಕೆಜಿ, ರಾಗಿ ಹಿಟ್ಟು 4, ಗೋಧಿ ಹಿಟ್ಟು 5, ತೊಗರಿಬೇಳೆ 3, ಉದ್ದಿನಬೇಳೆ 2, ಹೆಸರುಬೇಳೆ ಮತ್ತು ಕಡಲೆಬೇಳೆ ಒಂದೊಂದು, ರವೆ 2, ಅವಲಕ್ಕಿ 1, ಸಕ್ಕರೆ 3, ಬೆಲ್ಲ 1, ಎಣ್ಣೆ 4 ಲೀಟರ್, ಕಾಫಿಪುಡಿ ಮುಕ್ಕಾಲು ಕೆಜಿ, ತೆಂಗಿನಕಾಯಿ 15. ಮಾಂಸಾಹಾರ ಇಲ್ಲದ ಮನೆಗೆ ಇದು ಸಾಕು. ಇದಕ್ಕೆ ಬೆಲೆ ಕಟ್ಟಿ ನೋಡಿ, ಮಿಕ್ಕಿದ್ದೆಲ್ಲ ಬಿಸ್ಕತ್ತು, ಚಿಪ್ಸು, ಹಾಲಿಗೆ ಹಾಕುವ ಪುಡಿ, ದೋಸೆ ಹಿಟ್ಟಿನ ಪ್ಯಾಕೆಟ್ಟು. ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು, ಒಂದು ಹಿಡಿ ಅವಲಕ್ಕಿ ಹಾಕಿ ಶನಿವಾರ, ಬುಧವಾರ ರುಬ್ಬಿದರೆ ಪ್ಯಾಕೆಟ್ ಬೇಕಿಲ್ಲ.

ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪ್‌ಗಳಲ್ಲಿ ಹ್ಯಾಂಡ್ಲಿಂಗ್, ಡೆಲಿವರಿ ಅಂತ ಸಲಕ್ಕೆ 20 ಎಂದರೂ 25 ಸಲಕ್ಕೆ 500. ಅದಕ್ಕಿಂತ ದುಬಾರಿಯಾಗುವುದು ಕೊತ್ತಂಬರಿಗೆ ಹೋಗಿ ಐಸ್‌ಕ್ರೀಮ್ ಸೇರಿಸುವುದು. ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿ, ವಾರಕ್ಕೆ ಒಂದೇ ಆರ್ಡರು. ಈರುಳ್ಳಿ, ಆಲೂಗಡ್ಡೆ ಯಶವಂತಪುರ ಎಪಿಎಂಸಿಯಿಂದ ಮೂಟೆಯಲ್ಲಿ ತರುವುದಾದರೆ ಮೂರು-ನಾಲ್ಕು ಮನೆ ಸೇರಿ ಹಂಚಿಕೊಳ್ಳಿ. ಮಳೆಗಾಲದಲ್ಲಿ ಒಬ್ಬರೇ ತಂದರೆ ಕಾಲು ಭಾಗ ಕೊಳೆತು ಉಳಿತಾಯವೆಲ್ಲ ಕಸಕ್ಕೆ.

ಕರೆಂಟ್ ಒಂದು ತಿಂಗಳು ಸೊನ್ನೆ, ಒಂದು ತಿಂಗಳು 1,600 ಅಂದಿರಲ್ಲ, ಅದು 200 ಯೂನಿಟ್ಟಿನ ಗೆರೆ. ಗೃಹಜ್ಯೋತಿಯಲ್ಲಿ (ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ) ನಿಮ್ಮ ಅರ್ಹತೆ 2022-23ರ ಸರಾಸರಿಗೆ ಶೇ 10 ಸೇರಿಸಿದ್ದು. ಅದನ್ನು ಮೀರಿದರೆ ಹೆಚ್ಚಿನ ಯೂನಿಟ್‌ಗೆ ಹಣ. 200 ದಾಟಿದರೆ ಪೂರ್ತಿ ಬಿಲ್ಲು. 198 ಮತ್ತು 203ರ ನಡುವೆ ಐದು ಯೂನಿಟ್ಟಿನ ವ್ಯತ್ಯಾಸ ಅಂತ ಕಾಣುತ್ತದೆ, ಬಿಲ್ಲಿನಲ್ಲಿ ಸಾವಿರದ ಮೇಲೆಯೇ ಆಗಬಹುದು. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಹಿಂದಿನ ಬಿಲ್ಲಿನ ರೀಡಿಂಗ್ ಬರೆದಿಟ್ಟುಕೊಂಡು, ಅದಾಗಿ 20ನೇ ದಿನ ಮೀಟರ್ ನೋಡಿ. 135 ದಾಟಿದ್ದರೆ ಮಿಕ್ಕ ಹತ್ತು ದಿನ ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ಹೋಗಿ, ಒಂದೇ ಸಲ ಕಾಯಿಸಿ. ಮನೆ ಬದಲಿಸುವಾಗ ಹಳೆ ಆರ್‌ಆರ್ ನಂಬರ್‌ನಿಂದ (ಕರೆಂಟ್ ಸಂಪರ್ಕದ ಸಂಖ್ಯೆ) ಡಿ-ಲಿಂಕ್ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಹೊಸ ಮನೆಗೆ ಅರ್ಜಿ ಹಾಕಲಾಗದು.

ಕತ್ರಿಗುಪ್ಪೆ_ಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೀಟರ್ ನೋಡಿ ಬಂದೆ, 17 ದಿನಕ್ಕೆ 128 ಆಗಿದೆ! ಎರಡು ಪ್ರಶ್ನೆ. ಪಕ್ಕದ ಮನೆಯವರು ವಾರ್ಷಿಕ ದುಡ್ಡನ್ನು ಅವರ ಚೀಟಿಗೆ ಹಾಕಿ ಅಂತಾರೆ, 20 ಜನ, ತಿಂಗಳಿಗೆ 5,000. ಇಲ್ಲವಾದರೆ ಹತ್ತಿರದ ಸೌಹಾರ್ದ ಸಹಕಾರಿಯಲ್ಲಿ ಬಡ್ಡಿ ಜಾಸ್ತಿ ಇದೆ, ಅಲ್ಲಿ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಮಾಡೋಣವಾ? ಮತ್ತೆ ಮನೆ ಅಡ್ವಾನ್ಸ್ ಒಂದೂವರೆ ಲಕ್ಷ ಇದೆ, ಅದನ್ನು ಆಪತ್ತಿನ ಹಣ ಅಂತ ಹಿಡಿಯಬಹುದಾ?

ಬಡ್ಡಿಲೆಕ್ಕ

ಅಡ್ವಾನ್ಸ್ ಲೆಕ್ಕಕ್ಕೆ ಹಿಡಿಯಬೇಡಿ. ಆಸ್ಪತ್ರೆಗೆ ಬೇಕೆಂದರೆ ಮನೆ ಖಾಲಿ ಮಾಡಿದ ಮೇಲಷ್ಟೇ ಅದು ಕೈಗೆ ಬರುತ್ತದೆ, ಅದರಲ್ಲೂ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಈ ಊರಿನ ರೂಢಿ. ಮುಂದಿನ ಮನೆಯ ಅಡ್ವಾನ್ಸ್ ಅದು, ಅಷ್ಟೇ.

ಚೀಟಿ: 20 ಜನ, 5,000, ಒಂದು ಲಕ್ಷದ ಚೀಟಿ. 30,000 ತಳ್ಳಿ ಕೂಗಿದವರಿಗೆ 70,000 ಸಿಗುತ್ತದೆ. ನಡೆಸುವವರ ಕಮಿಷನ್ 5,000 ಎಂದರೆ, ಉಳಿದ 25,000 ಇಪ್ಪತ್ತು ಜನಕ್ಕೆ ತಲಾ 1,250. ಕೊನೆಯವರೆಗೆ ಕಾಯುವವರಿಗೆ ಲಾಭ, ಮೊದಲು ಎತ್ತುವವರಿಗೆ ಅದು ಸಾಲ. ನಿಮಗೆ ಹಣ ಬೇಕಾಗುವುದು ಜೂನ್‌ನಲ್ಲಿ, ಆ ತಿಂಗಳು ಫೀಸು ಕಟ್ಟುವವರೆಲ್ಲ ಕೂಗುತ್ತಾರೆ, ತಳ್ಳುವ ಮೊತ್ತ ಏರುತ್ತದೆ. ತಾರೀಕು ನಿಗದಿಯಾದ ಖರ್ಚಿಗೆ ಚೀಟಿ ಹೊಂದುವುದಿಲ್ಲ. ಹಾಕಲೇಬೇಕೆಂದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ್ದು ನೋಡಿ. ಸರ್ಕಾರಿ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಪಕ್ಕದ ಮನೆಯವರು ಒಳ್ಳೆಯವರೇ ಇರಬಹುದು, ಎತ್ತಿದ ಮೇಲೆ ಕಂತು ನಿಲ್ಲಿಸುವ ಹದಿನೆಂಟನೆಯವರು ಯಾರು ಎಂದು ಅವರಿಗೂ ಗೊತ್ತಿರುವುದಿಲ್ಲ.

ಸೌಹಾರ್ದ: ಬ್ಯಾಂಕಿನಲ್ಲಾದರೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬ ಠೇವಣಿದಾರರಿಗೆ 5 ಲಕ್ಷದವರೆಗೆ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ) ವಿಮೆ ಇದೆ. ಪತ್ತಿನ ಸಹಕಾರಿ ಸಂಘಗಳಿಗೆ ಅದಿಲ್ಲ. ಫಲಕದಲ್ಲಿ ‘ಬ್ಯಾಂಕ್’ ಎಂಬ ಪದ ಇದೆಯೇ ಎಂದು ಓದಿ. ಶೇ 2 ಹೆಚ್ಚು ಬಡ್ಡಿ ಎಂದರೆ ನಿಮ್ಮ ಮೊತ್ತಕ್ಕೆ ವರ್ಷಕ್ಕೆ ಒಂದೆರಡು ಸಾವಿರ. ಮಕ್ಕಳ ಫೀಸನ್ನು ಅದಕ್ಕಾಗಿ ಪಣಕ್ಕಿಡಬೇಕಿಲ್ಲ.

ಮೂರು_ಪಾಸ್‌ಬುಕ್

ಆರ್‌ಡಿ ಮಾಡಿದರೆ ಒಂದೇ ದೊಡ್ಡದು ಬೇಡ. ಜೂನ್‌ಗೆ ಒಂದು, ಅಕ್ಟೋಬರ್‌ಗೆ ಒಂದು, ಇನ್ಶೂರೆನ್ಸಿಗೆ ಒಂದು. ಒಂದನ್ನು ಮಧ್ಯದಲ್ಲಿ ಒಡೆಯಬೇಕಾಗಿ ಬಂದರೂ ಮಿಕ್ಕವು ಹಾಗೇ ಇರುತ್ತವೆ. ಅವಧಿ ಮುಗಿಯುವ ತಾರೀಕು ಫೀಸಿನ ಕೊನೆಯ ದಿನಕ್ಕಿಂತ ಒಂದು ವಾರ ಮೊದಲು ಇರಲಿ, ಭಾನುವಾರ, ರಜೆ ಅಡ್ಡ ಬರುತ್ತವೆ. ಮೂರಕ್ಕೂ ನಾಮಿನಿ ಬರೆಸಿ. ಅತ್ತೆಯವರ ಖಾತೆಗೆ ನಾಮಿನಿ ಇದೆಯೇ ಎಂದೂ ಈ ವಾರವೇ ಪಾಸ್‌ಬುಕ್ ತೆಗೆದು ನೋಡಿ. ಮೊದಲ ಪುಟದಲ್ಲಿ ‘ನೋಂದಾಯಿಸಲಾಗಿದೆ’ ಎಂದು ಇಲ್ಲದಿದ್ದರೆ, ಅವರನ್ನೇ ಬ್ರಾಂಚಿಗೆ ಕರೆದುಕೊಂಡು ಹೋಗಿ ಫಾರಂ ತುಂಬಿಸಬೇಕು.

ಅಡುಗೆಮನೆ_ಅಂಕಿ

17 ದಿನಕ್ಕೆ 128 ಎಂದರೆ 30 ದಿನಕ್ಕೆ 225ರ ಮೇಲೆ. ಇನ್ನು ದಿನಕ್ಕೆ ಐದೂವರೆ ಯೂನಿಟ್ ಒಳಗೆ ಇರಬೇಕು ಮೇಡಂ. ಗೀಸರ್ ಸ್ವಿಚ್ ಪಕ್ಕ ಒಂದು ಗಡಿಯಾರ ಇಡಿ.